ಮಳೆ ಹಿಂದೆ ಸರಿದ ಮೇಲಿನ ಅಡುಗೆ: ಗೆಣಸು, ಕೆಸು, ಕುಂಬಳ ಬೇಯುವಾಗ ಒಳಗೆ ಏನಾಗುತ್ತದೆ?

ಮಳೆಗಾಲದಲ್ಲಿ ತರಕಾರಿ ಕೊಳ್ಳುವಾಗ ನಾವು ಎಳೆಯದನ್ನು ಹುಡುಕುತ್ತೇವೆ. ಬೆಂಡೆಯ ತುದಿ ಮುರಿದು ನೋಡುತ್ತೇವೆ. ಹೀರೆಕಾಯಿಗೆ ಉಗುರು ಒತ್ತಿ ನೋಡುತ್ತೇವೆ, ಅಂಗಡಿಯವನು ಗದರುವವರೆಗೆ. ದಸರೆ ಹೊತ್ತಿಗೆ ಈ ಲೆಕ್ಕ ತಿರುವುಮುರುವಾಗುತ್ತದೆ. ಕುಂಬಳಕಾಯಿಗೆ ಉಗುರು ಇಳಿಯಬಾರದು. ಗೆಣಸು ಬಲಿತಿರಬೇಕು. ಸುವರ್ಣಗೆಡ್ಡೆ ಎಳೆಯದಾದರೆ ಬಾಯಿ ತುರಿಸುತ್ತದೆ. ಎಳೆ ತರಕಾರಿಯ ಅಡುಗೆ ಬೇಗ ಮುಗಿಯಬೇಕು. ಬಲಿತದ್ದಕ್ಕೆ ಸಮಯ ಕೊಡಬೇಕು. ಹುಳಿ ಯಾವಾಗ, ಬೆಲ್ಲ ಯಾವಾಗ, ಉರಿ ಎಷ್ಟು ಅನ್ನುವುದೆಲ್ಲ ಬೇರೆಯಾಗುತ್ತದೆ. ಅಜ್ಜಿಯರು ಇದನ್ನು ಕೈ ಅಳತೆಯಲ್ಲೇ ಮಾಡುತ್ತಿದ್ದರು. ಅದರ ಹಿಂದಿನ ಕಾರಣ ಗೊತ್ತಿದ್ದರೆ ಹೊಸಬರಿಗೂ ಕಷ್ಟವಿಲ್ಲ.

ಪಂಚಾಂಗದ ಪ್ರಕಾರ ಶರದೃತು ಅಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸ. ಹೆಚ್ಚುಕಡಿಮೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ. ನಮ್ಮಲ್ಲಿ ಆಗ ಮರದ ಎಲೆ ಕೆಂಪಾಗಿ ಉದುರುವುದಿಲ್ಲ. ಅದಕ್ಕೇ ಇದೊಂದು ಕಾಲ ಅಂತ ಪೇಟೆಯವರಿಗೆ ಅನ್ನಿಸುವುದೇ ಇಲ್ಲ. ಆದರೆ ಹೊಲದಲ್ಲಿ ದೊಡ್ಡ ಬದಲಾವಣೆ ನಡೆದಿರುತ್ತದೆ. ಜೂನ್‌ನಿಂದ ಮಳೆ ಕುಡಿದು ಬಳ್ಳಿ, ಎಲೆ ಬೆಳೆಸಿಕೊಂಡ ಗಿಡಗಳು ಈಗ ಉಳಿತಾಯಕ್ಕೆ ಇಳಿಯುತ್ತವೆ. ಮೋಡ ಕಡಿಮೆಯಾಗಿ ಬಿಸಿಲು ಬೀಳುತ್ತದೆ. ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿದು ಪಿಷ್ಟವಾಗಿ, ಅಂದರೆ ಗಂಜಿಯಾಗಿ, ಗೆಡ್ಡೆಯಲ್ಲಿ ಕೂರುತ್ತದೆ. ಮುಂದೆ ಬೇಸಿಗೆ ದಾಟಿ ಮತ್ತೆ ಚಿಗುರಬೇಕಲ್ಲ, ಅದಕ್ಕೆ ಬುತ್ತಿ.

ಭತ್ತವೂ ಆಗ ಇದೇ ಕೆಲಸದಲ್ಲಿರುತ್ತದೆ. ಆಶ್ವಯುಜದ ಹುಣ್ಣಿಮೆಗೆ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಬಯಲುಸೀಮೆ, ಉತ್ತರ ಕರ್ನಾಟಕದ ಕಡೆ ಅದೇ ಸೀಗಿ ಹುಣ್ಣಿಮೆ. ಪೈರು ಹೊಡೆ ತುಂಬಿದೆ, ಭೂಮಿ ತಾಯಿ ಬಸಿರಿ, ಅವಳ ಬಯಕೆ ತೀರಿಸಬೇಕು ಅನ್ನುವುದು ಹಬ್ಬದ ಭಾವ. ಶಿವಮೊಗ್ಗ ಜಿಲ್ಲೆಯ ದೀವರು ಎಂಬ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯಿಡೀ ಅಡುಗೆ ಮಾಡಿ, ಬೆಳಗಾಗುವ ಮೊದಲೇ ಗದ್ದೆಗೆ ಹೊರುತ್ತಾರೆ. ಅದರಲ್ಲಿ ನೂರೊಂದು ಬಗೆಯ ಸೊಪ್ಪು ಇರಬೇಕು ಅಂತ ಹೇಳುತ್ತಾರೆ. ನೂರೊಂದು ಸಿಗದಿದ್ದರೂ ಬೇಲಿ, ಗುಡ್ಡ, ಹಿತ್ತಲಲ್ಲಿ ಸಿಕ್ಕ ಕುಡಿಗಳೆಲ್ಲ ಸೇರುತ್ತವೆ. ಹಬ್ಬದ ಬುಟ್ಟಿಯಲ್ಲಿ ಎಳೆಯದಕ್ಕೂ ಬಲಿತದ್ದಕ್ಕೂ ಒಟ್ಟಿಗೆ ಜಾಗವಿದೆ. ಸೊಪ್ಪಿನ ಕಾಲ ಮುಗಿಯುತ್ತಾ ಬಂತು, ಗೆಡ್ಡೆ-ಕುಂಬಳದ ಕಾಲ ಶುರುವಾಯಿತು.

ಗೆಣಸು ಸಿಹಿಯಾಗುವುದು ಒಲೆಯ ಮೇಲೆ

ಮೊದಲು ಗೆಣಸಿನ ವಿಷಯ. ಬೆಳಗಾವಿ ಜಿಲ್ಲೆ ಗೆಣಸಿಗೆ ಹೆಸರುವಾಸಿ. ಅಲ್ಲಿಂದ ಉತ್ತರ ಭಾರತಕ್ಕೂ ಲಾರಿಗಟ್ಟಲೆ ಹೋಗುತ್ತದೆ. ನವರಾತ್ರಿ ಉಪವಾಸದಲ್ಲಿ ಅಲ್ಲಿ ಗೆಣಸು ತಿನ್ನುವವರು ಬಹಳ. ಇದು ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಆಲೂಗೆಡ್ಡೆಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಆಲೂಗೆಡ್ಡೆ ಬದನೆಯ ಕುಟುಂಬ. ಗೆಣಸು ಬೆಳಗ್ಗೆ ಅರಳುವ ನೀಲಿ ಹೂವಿನ ಬಳ್ಳಿಯ ಕುಟುಂಬ.

ಹಸಿ ಗೆಣಸನ್ನು ಕಚ್ಚಿ ನೋಡಿ. ಅಷ್ಟೇನೂ ಸಿಹಿ ಇಲ್ಲ. ಅದೇ ಗೆಣಸನ್ನು ಕೆಂಡದ ಬೂದಿಯಲ್ಲಿ ಹೂತಿಟ್ಟು ಸುಟ್ಟರೆ ಸಿಪ್ಪೆಯಿಂದ ಪಾಕ ಒಸರುತ್ತದೆ. ಕುಕ್ಕರಿನಲ್ಲಿ ಕೂಗಿಸಿದರೆ ಮೆತ್ತಗಾಗುತ್ತದೆ, ಆದರೆ ಆ ಸಿಹಿ ಇಲ್ಲ. ಬೆಂದದ್ದು ಒಂದೇ ಗೆಣಸು, ರುಚಿ ಎರಡು. ಯಾಕೆ?

ಗೆಣಸಿನೊಳಗೆ ಒಂದು ಕಿಣ್ವ ಇದೆ. ಅದು ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಆದರೆ ಹಸಿ ಪಿಷ್ಟದ ಕಣಗಳು ಬಹಳ ಗಟ್ಟಿ, ಕಿಣ್ವಕ್ಕೆ ಅದನ್ನು ಮುಟ್ಟಲು ಆಗುವುದಿಲ್ಲ. ಬಿಸಿ ಸುಮಾರು 60 ಡಿಗ್ರಿ ದಾಟಿದಾಗ ಕಣಗಳು ನೀರು ಕುಡಿದು ಉಬ್ಬಿ ಸಡಿಲವಾಗುತ್ತವೆ. ಆಗ ಕಿಣ್ವ ಕೆಲಸಕ್ಕೆ ಇಳಿಯುತ್ತದೆ. ಬಿಸಿ 80 ಡಿಗ್ರಿಯ ಹತ್ತಿರ ಹೋದರೆ ಕಿಣ್ವವೇ ಸತ್ತುಹೋಗುತ್ತದೆ. ಅಂದರೆ ಸಿಹಿ ಹುಟ್ಟುವುದು ಈ ಎರಡರ ನಡುವಿನ ಕಿರಿದಾದ ಅವಧಿಯಲ್ಲಿ. ಗೆಣಸು ಅಲ್ಲಿ ಎಷ್ಟು ಹೊತ್ತು ಇರುತ್ತದೋ ಅಷ್ಟು ಸಿಹಿ.

ಬೂದಿಯಲ್ಲಿ ಬಿಸಿ ನಿಧಾನವಾಗಿ ಒಳಗಿಳಿಯುತ್ತದೆ. ಕುಕ್ಕರಿನಲ್ಲಿ ಹಬೆ 120 ಡಿಗ್ರಿ ಮುಟ್ಟುತ್ತದೆ, ಗೆಣಸು ಆ ಅವಧಿಯನ್ನು ಓಡುತ್ತಾ ದಾಟಿಬಿಡುತ್ತದೆ. ಮೈಕ್ರೋವೇವ್ ಇನ್ನೂ ಅವಸರದ್ದು. ಬೂದಿ ಇಲ್ಲದವರು ಹೀಗೆ ಮಾಡಬಹುದು: ಗೆಣಸನ್ನು ಹೆಚ್ಚದೆ, ಸಿಪ್ಪೆ ತೆಗೆಯದೆ, ಇಡಿಯಾಗಿ ದಪ್ಪ ತಳದ ಬಾಣಲೆಯಲ್ಲಿ ಇಡಿ. ಮುಚ್ಚಳ ಮುಚ್ಚಿ. ಸಣ್ಣ ಉರಿ. ನೀರು ಹಾಕಬೇಡಿ, ಆಗಾಗ ಮಗ್ಗುಲು ಬದಲಿಸಿ. ಮುಕ್ಕಾಲು ಗಂಟೆ, ದಪ್ಪದ್ದಾದರೆ ಇನ್ನೂ ಜಾಸ್ತಿ ಹಿಡಿಯುತ್ತದೆ. ನೀರಲ್ಲೇ ಬೇಯಿಸುವುದಾದರೆ ತಣ್ಣೀರಲ್ಲಿ ಹಾಕಿ ಒಲೆ ಹಚ್ಚಿ, ಕುದಿಯುವ ನೀರಿಗೆ ಹಾಕಬೇಡಿ. ಗೆಣಸಿನ ಹೋಳಿಗೆ ಮಾಡುವವರಿಗೆ ಇದು ನೇರ ಲಾಭ, ಹೂರಣಕ್ಕೆ ಬೆಲ್ಲ ಕಡಿಮೆ ಸಾಕು. ಒಣಗಿ ಬೆಂದಿರುವುದರಿಂದ ಹೂರಣ ನೀರೂ ಬಿಡುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಸುಟ್ಟದ್ದಕ್ಕಿಂತ ನೀರಲ್ಲಿ ಬೇಯಿಸಿದ್ದೇ ವಾಸಿ.

ಇನ್ನೊಂದು ಮಾತು. ಕಿತ್ತ ದಿನವೇ ಗೆಣಸು ಬೇಯಿಸಬೇಡಿ. ಕೀಳುವಾಗ ಮೈಮೇಲೆ ಗೀರು ಬಿದ್ದಿರುತ್ತದೆ. ಸುಮಾರು 30 ಡಿಗ್ರಿ ಬಿಸಿ, ಒಳ್ಳೆ ತೇವದ ಗಾಳಿಯಲ್ಲಿ ವಾರದೊಳಗೆ ಆ ಗಾಯ ಮಾಯ್ದು ಹೊಸ ಸಿಪ್ಪೆ ಕೂರುತ್ತದೆ. ಅಕ್ಟೋಬರ್‌ನ ಕರಾವಳಿ ಹವೆ ಇದಕ್ಕೆ ಹೆಚ್ಚುಕಡಿಮೆ ಹೇಳಿ ಮಾಡಿಸಿದ್ದು. ಆಮೇಲೆ ಒಂದೆರಡು ವಾರ ಇಟ್ಟರೆ ರುಚಿ ಏರುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬಾರದು. 12-13 ಡಿಗ್ರಿಗಿಂತ ಕೆಳಗಿನ ಚಳಿ ಗೆಣಸಿಗೆ ಆಗಿಬರುವುದಿಲ್ಲ. ಆಮೇಲೆ ಎಷ್ಟು ಬೇಯಿಸಿದರೂ ನಡುವೆ ಒಂದು ಗಟ್ಟಿ ಗಂಟು ಉಳಿಯುತ್ತದೆ. ಹುಳು ಕೊರೆದು ಕಹಿಯಾದ ಗೆಣಸನ್ನು ಕೆತ್ತಿ ಉಳಿಸಲು ನೋಡಬೇಡಿ, ಪೂರ್ತಿ ಬಿಸಾಡಿ.

ಬಣ್ಣದ ಗೆಣಸು ಈಗೀಗ ಕಾಣಿಸುತ್ತಿದೆ. ತಿರುವನಂತಪುರದಲ್ಲಿ 1963ರಿಂದ ಇರುವ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕಿತ್ತಳೆ ತಿರುಳಿನ 'ಭೂ ಸೋನಾ', ನೇರಳೆ ತಿರುಳಿನ 'ಭೂ ಕೃಷ್ಣಾ' ತಳಿಗಳನ್ನು ಕೊಟ್ಟಿದ್ದಾರೆ. ಕಿತ್ತಳೆಯದರಲ್ಲಿ ಬೀಟಾ ಕೆರೋಟಿನ್ ಇದೆ. ದೇಹ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ. ಅದು ಕರಗುವುದು ಎಣ್ಣೆ, ತುಪ್ಪದಲ್ಲಿ, ನೀರಿನಲ್ಲಲ್ಲ. ಹಾಗಾಗಿ ಗೆಣಸಿಗೋ ಕುಂಬಳಕ್ಕೋ ಒಂದು ಚಮಚ ತುಪ್ಪ ಹಾಕುವುದು ಬರೀ ಬಾಯಿ ಚಪಲ ಅಲ್ಲ.

ಕೆಸು, ಸುವರ್ಣಗೆಡ್ಡೆ: ತುರಿಕೆಯ ಗುಟ್ಟು

ಮಳೆಗಾಲ ಪೂರ್ತಿ ಕೆಸುವಿನ ಎಲೆ ಪತ್ರೊಡೆಗೆ ಹೋಯಿತು. ಈಗ ಎಲೆ ಹಳದಿಯಾಗಿ ಬಾಗಿದೆ. ಇನ್ನು ಗೆಡ್ಡೆಯ ಸರದಿ. ಸುವರ್ಣಗೆಡ್ಡೆಯೂ ಹಾಗೇ. ಮೇಲಿನ ಕೊಡೆಯಂಥ ಗಿಡ ಒಣಗಿ ಬಿದ್ದ ಮೇಲೆ ಅಗೆಯಬೇಕು. ಗಿಡ ಹಸಿರಾಗಿರುವಾಗಲೇ ಅಗೆದದ್ದು ಅಗ್ಗಕ್ಕೆ ಸಿಗಬಹುದು, ಆದರೆ ನಾನಂತೂ ಕೊಳ್ಳುವುದಿಲ್ಲ. ಅಗೆದ ಮೇಲೂ ಕೆಲವು ದಿನ ನೆರಳಲ್ಲಿ ಒಣಗಲು ಬಿಟ್ಟ ಗೆಡ್ಡೆ ಅಡುಗೆಗೆ ಒಳ್ಳೆಯದು.

ಈ ಗೆಡ್ಡೆಗಳು ತುರಿಸುವುದು ಯಾಕೆ? ಗಿಡ ತನ್ನ ಬುತ್ತಿಯನ್ನು ಹಂದಿ, ಹೆಗ್ಗಣದಿಂದ ಕಾಯಬೇಕು. ಅದಕ್ಕೆ ಗೆಡ್ಡೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳ ಕಟ್ಟುಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಹೆಚ್ಚಿದಾಗ, ಕಚ್ಚಿದಾಗ ಇವು ಹೊರಬಂದು ಚರ್ಮ, ನಾಲಿಗೆಗೆ ಚುಚ್ಚುತ್ತವೆ. ಸೂಜಿ ಒಂದೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅದರ ಜೊತೆ ಉರಿ ಎಬ್ಬಿಸುವ ಒಂದು ಪ್ರೋಟೀನ್ ಇದೆ. ಸೂಜಿ ತೂತು ಮಾಡುತ್ತದೆ, ಪ್ರೋಟೀನ್ ಒಳಗೆ ಹೋಗಿ ಕೆಲಸ ಕೆಡಿಸುತ್ತದೆ.

ಬೇಯಿಸಿದಾಗ ಸೂಜಿ ಕರಗುವುದಿಲ್ಲ. ಕೆಡುವುದು ಪ್ರೋಟೀನ್. ಅದಕ್ಕೇ ಅರೆಬೆಂದ ಕೆಸು ಗಂಟಲು ಕೆರೆಯುತ್ತದೆ, ಪೂರ್ತಿ ಬೆಂದದ್ದು ಸುಮ್ನಿರುತ್ತದೆ. ಈ ಗೆಡ್ಡೆಗಳಲ್ಲಿ 'ಸ್ವಲ್ಪ ಗರಿಗರಿಯಾಗಿರಲಿ' ಅನ್ನುವ ಹೊಸ ಶೋಕಿ ನಡೆಯುವುದಿಲ್ಲ. ಗರಿಗರಿ ಬೇಕಾದರೆ ಮೊದಲು ಪೂರ್ತಿ ಬೇಯಿಸಿ, ಆಮೇಲೆ ರವೆ ಹೊರಳಿಸಿ ಕಾವಲಿಯ ಮೇಲೆ ಹುರಿಯಿರಿ.

ನೀರಲ್ಲಿ ಕರಗುವ ಆಕ್ಸಲೇಟ್ ಕೂಡ ಒಂದಷ್ಟು ಇರುತ್ತದೆ. ಅದು ಬೇಯಿಸಿದ ನೀರಿಗೆ ಇಳಿಯುತ್ತದೆ. ಆ ನೀರನ್ನು ಬಸಿದು ಚೆಲ್ಲಬೇಕು, ಸಾರಿಗೆ ಬಳಸಬಾರದು. ಸತ್ವ ಹೋಗುತ್ತದೆ ಅಂತ ಹೊಟ್ಟೆ ಉರಿಸಿಕೊಳ್ಳಬೇಡಿ. ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆ ಇರುವವರು ಇದನ್ನು ಮಿತವಾಗಿ ತಿನ್ನಬೇಕು. ಮೊಸರು, ಮಜ್ಜಿಗೆ ಜೊತೆ ತಿಂದರೆ ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಕೆಸುವಿನ ಗೆಡ್ಡೆಗೆ ಮಜ್ಜಿಗೆ ಹುಳಿ ಒಳ್ಳೆ ಜೋಡಿಯಾಗಲು ರುಚಿಯ ಜೊತೆಗೆ ಇದೂ ಒಂದು ಕಾರಣ ಅನ್ನಬಹುದು.

ಹೆಚ್ಚುವಾಗ ಕೈ ಒದ್ದೆ ಇರಬಾರದು, ಗೆಡ್ಡೆಯೂ ಒಣಗಿರಲಿ. ಮಣ್ಣನ್ನು ಉಜ್ಜಿ ತೆಗೆದು, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸಿಪ್ಪೆ ಕೆತ್ತಿ, ತೊಳೆಯುವುದು ಆಮೇಲೆ. ಸಣ್ಣ ಕೆಸುವಿನ ಗೆಡ್ಡೆಯಾದರೆ ಹೆಚ್ಚುವ ರಗಳೆಯೇ ಬೇಡ. ಸಿಪ್ಪೆ ಸಮೇತ ಬೇಯಿಸಿದರೆ ಆಮೇಲೆ ಬೆರಳಲ್ಲಿ ಒತ್ತಿದರೆ ಸುಲಿದು ಬರುತ್ತದೆ. ಲೋಳೆಯೂ ಕಡಿಮೆ.

ಇನ್ನು ಹುಳಿ. ತುರಿಸುವ ಗೆಡ್ಡೆಗೆ ಹುಣಸೆ, ಅಮಟೆಕಾಯಿ, ಬಿಂಬುಳಿ ಹೀಗೆ ಏನಾದರೊಂದು ಹುಳಿ ಹಾಕದೆ ಮಾಡುವ ಮನೆ ಕರಾವಳಿ-ಮಲೆನಾಡಿನಲ್ಲಿ ಸಿಗುವುದು ಕಷ್ಟ. ಅಮಟೆಯಂತೂ ಇದೇ ಹೊತ್ತಿಗೆ ಮರದಲ್ಲಿರುತ್ತದೆ. ಹುಳಿಯಿಂದ ತುರಿಕೆ ತಗ್ಗುವುದು ನಿಜ. ಆದರೆ ಹುಳಿ ಹಾಕುವ ಹೊತ್ತು ತಪ್ಪಿದರೆ ಗೆಡ್ಡೆ ಬೇಯುವುದೇ ಇಲ್ಲ. ಇದಕ್ಕೆ ಕಾರಣ ಬೇರೆ ಇದೆ.

ಹುಳಿ ಮೊದಲೋ, ಆಮೇಲೋ?

ತರಕಾರಿಯ ಒಳಗಿನ ಕೋಶಗಳನ್ನು ಹಿಡಿದಿಟ್ಟಿರುವುದು ಪೆಕ್ಟಿನ್. ಇಟ್ಟಿಗೆಗಳ ನಡುವಿನ ಗಾರೆ ಇದ್ದ ಹಾಗೆ. ತರಕಾರಿ ಬೆಂದಿತು ಅಂದರೆ ಈ ಗಾರೆ ಕರಗಿತು ಅಂತ ಅರ್ಥ. ಹುಳಿ ನೀರಿನಲ್ಲಿ ಪೆಕ್ಟಿನ್ ಬಹಳ ನಿಧಾನವಾಗಿ ಕರಗುತ್ತದೆ. ಕ್ಯಾಲ್ಸಿಯಂ ಇದ್ದರೆ ಇನ್ನೂ ಬಿಗಿಯುತ್ತದೆ. ಬಯಲುಸೀಮೆಯ ಎಷ್ಟೋ ಊರಲ್ಲಿ ಬೋರ್‌ವೆಲ್ ನೀರಿಗೆ ಬೇಳೆ ಬೇಯುವುದಿಲ್ಲ ಅಂತ ದೂರು ಇದೆಯಲ್ಲ, ಅದು ಗಡಸು ನೀರಿನ ಕ್ಯಾಲ್ಸಿಯಂ ಮಾಡುವ ಕಿತಾಪತಿ.

ಇದನ್ನೇ ಬೇಕಂತಲೇ ಬಳಸುವವರೂ ಇದ್ದಾರೆ. ಆಗ್ರಾದ ಪೇಠಾ ಗೊತ್ತಲ್ವಾ? ಅದು ಬೂದುಗುಂಬಳ. ಸುಣ್ಣದ ನೀರಲ್ಲಿ ನೆನೆಸುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಬಿಗಿ ಮಾಡುವುದರಿಂದ ಸಕ್ಕರೆ ಪಾಕದಲ್ಲಿ ಅಷ್ಟು ಹೊತ್ತು ಕುದಿದರೂ ಹೋಳು ಕರಗುವುದಿಲ್ಲ, ಕಚ್ಚಿದರೆ ಕಟಕ್ ಅನ್ನುತ್ತದೆ.

ಹಾಗಾದರೆ ನಮ್ಮ ಹುಳಿಗೆ, ಸಾಂಬಾರಿಗೆ ಲೆಕ್ಕ ಹೀಗೆ. ಸುವರ್ಣಗೆಡ್ಡೆ ಗಟ್ಟಿ ಜಾತಿ. ಉಪ್ಪು, ಅರಿಸಿನ ಹಾಕಿದ ನೀರಲ್ಲಿ ಮುಕ್ಕಾಲು ಬೇಯಲಿ. ನೀರು ಬಸಿದು, ಹೊಸ ನೀರಿಗೆ ಹುಣಸೆ ರಸ ಹಾಕಿ ಉಳಿದ ಕಾಲು ಭಾಗ ಬೇಯಿಸಿ. ಮೃದುವೂ ಆಗುತ್ತದೆ, ತುರಿಕೆಯೂ ಹೋಗುತ್ತದೆ. ಸಿಹಿಗುಂಬಳದ್ದು ಉಲ್ಟಾ. ಅದು ಒಂದು ಕುದಿಗೇ ಕರಗಿ ಗೊಜ್ಜಾಗುವ ಜಾತಿ. ಹೋಳು ಹೋಳಾಗಿಯೇ ಇರಬೇಕಾದರೆ ಹುಣಸೆ ರಸದಲ್ಲೇ ಬೇಯಿಸಿ. ಬೇಳೆಯನ್ನು ಬೇರೆ ಬೇಯಿಸಿ ಆಮೇಲೆ ಸೇರಿಸಿ. ಎರಡನ್ನೂ ಒಂದೇ ಸಾಂಬಾರಿಗೆ ಹಾಕುವ ಮನಸ್ಸಿದ್ದರೆ ಗೆಡ್ಡೆ ಬೆಂದು, ಹುಳಿ ಬಿದ್ದ ಮೇಲೆ ಕುಂಬಳ.

ಕುಂಬಳಕಾಯಿ

ಸಿಹಿಗುಂಬಳ, ಕರಾವಳಿಯವರ ಚೀನಿಕಾಯಿ, ಕಿತ್ತ ಮೇಲೂ ಹಣ್ಣಾಗುತ್ತಲೇ ಇರುತ್ತದೆ. ಒಳಗಿನ ಪಿಷ್ಟ ನಿಧಾನವಾಗಿ ಸಕ್ಕರೆಯಾಗುತ್ತದೆ, ತಿರುಳಿನ ಬಣ್ಣ ಗಾಢವಾಗುತ್ತದೆ. ಹಾಗಾಗಿ ದಸರೆಗೆ ತಂದ ಕಾಯಿ ಪಲ್ಯಕ್ಕೆ ಸರಿ, ಅದೇ ಕಾಯಿ ದೀಪಾವಳಿ ಹೊತ್ತಿಗೆ ಗಾರಿಗೆಗೆ ಸರಿ.

ಗಾರಿಗೆ ಉತ್ತರ ಕರ್ನಾಟಕದ ಮನೆಗಳದ್ದು. ಕುಂಬಳ ತುರಿದು, ಬೆಲ್ಲ ಸೇರಿಸಿ ಬೇಯಿಸಿ, ಗೋಧಿ ಹಿಟ್ಟು ಕಲಸಿ, ತಟ್ಟಿ ಕರಿಯುವುದು. ಗಾರಿಗೆ ಗಟ್ಟಿಯಾಯಿತು ಅಂತ ಹೇಳುವವರು ಸಾಮಾನ್ಯವಾಗಿ ಹಿಟ್ಟನ್ನು ಬೈಯುತ್ತಾರೆ. ತಪ್ಪು ಹೆಚ್ಚಾಗಿ ಕಾಯಿಯದ್ದು. ಎಳೆ ಕುಂಬಳ ನೀರು ಜಾಸ್ತಿ ಬಿಡುತ್ತದೆ. ನೀರು ಹೀರಲು ಹಿಟ್ಟು ಜಾಸ್ತಿ ಹಾಕುತ್ತೇವೆ. ಹಿಟ್ಟು ಜಾಸ್ತಿಯಾದರೆ ಗಾರಿಗೆ ಗಟ್ಟಿ. ಬಲಿತು, ಇಟ್ಟು ಹಳತಾದ ಕಾಯಿಯಲ್ಲಿ ಈ ತೊಂದರೆ ಇಲ್ಲ. ಒಂದು ಹನಿ ನೀರೂ ಸೇರಿಸಬೇಡಿ. ತುರಿ ಮೊದಲು ತನ್ನ ನೀರಲ್ಲೇ ಪೂರ್ತಿ ಮೆತ್ತಗಾಗಲಿ, ಆಮೇಲೆ ಬೆಲ್ಲ. ಬೆಲ್ಲ ಮೊದಲೇ ಬಿದ್ದರೆ ತುರಿ ಮೆತ್ತಗಾಗುವುದು ನಿಧಾನವಾಗುತ್ತದೆ. ತಣ್ಣಗಾದ ಮೇಲೆ ಚಿಟಿಕೆ ಉಪ್ಪು, ಏಲಕ್ಕಿ, ಹಿಡಿಯುವಷ್ಟೇ ಹಿಟ್ಟು.

ಬೂದುಗುಂಬಳ ಬೇರೆಯೇ ಜೀವ. ಅದು ಏಷ್ಯಾದ್ದು, ಸಿಹಿಗುಂಬಳ ಅಮೆರಿಕದ್ದು. ಬೂದುಗುಂಬಳದ ತೂಕದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ನೀರೇ. ಪಿಷ್ಟದ ಮಾತೇ ಇಲ್ಲ. ಆಯುಧಪೂಜೆಗೆ ಕುಂಕುಮ ತುಂಬಿ ರಸ್ತೆಯಲ್ಲಿ ಒಡೆದು ದಂಡ ಮಾಡುತ್ತೇವೆ, ಜೊತೆಗೆ ಬೈಕಿನವರನ್ನು ಜಾರಿ ಬೀಳಿಸುತ್ತೇವೆ. ಒಂದನ್ನಾದರೂ ಅಡುಗೆ ಮನೆಗೆ ತನ್ನಿ. ಕಾಶಿ ಹಲ್ವ ಮಾಡುವವರ ಹೋರಾಟವೆಲ್ಲ ಆ ನೀರಿನ ಜೊತೆಗೇ. ತುರಿದು, ಬಟ್ಟೆಯಲ್ಲಿ ಹಿಂಡಿ, ತುರಿ ಬೆಂದು ಪಾರದರ್ಶಕವಾಗುವವರೆಗೆ ಕಾಯ್ದು ಆಮೇಲೆ ಸಕ್ಕರೆ ಹಾಕಬೇಕು. ಸಕ್ಕರೆ ಹಾಕಿದ ಕೂಡಲೇ ಮತ್ತೆ ನೀರು ಬಿಡುತ್ತದೆ, ಗಾಬರಿಯಾಗಬೇಡಿ. ಹಿಂಡಿದ ನೀರನ್ನು ಮಜ್ಜಿಗೆಗೆ ಸೇರಿಸಿ ಕುಡಿಯಬಹುದು.

ಮಂಗಳೂರು ಸೌತೆ, ಮಲೆನಾಡಿನ ಮೊಗೆಕಾಯಿ, ಇದೇ ಸಾಲಿನದು. ದೀಪಾವಳಿಯ ಸೌತೆಕಾಯಿ ಕಡುಬು, ಬೆಳ್ಳುಳ್ಳಿ ಒಗ್ಗರಣೆಯ ಬೋಳು ಹುಳಿ ಎರಡಕ್ಕೂ ಬೇಕು. ಹಳೆ ಮನೆಗಳಲ್ಲಿ ಬಾಳೆನಾರಿನಿಂದ ಕಟ್ಟಿ ಅಟ್ಟದ ಜಂತಿಗೆ ಸಾಲಾಗಿ ನೇತುಹಾಕುತ್ತಿದ್ದರು. ಚಂದಕ್ಕಲ್ಲ. ನೆಲಕ್ಕೆ ತಾಗಿದ ಕಡೆ ತೇವ ನಿಂತು ಕಾಯಿ ಕೊಳೆಯುತ್ತದೆ. ಒಂದಕ್ಕೊಂದು ತಾಗಿದರೂ ಅಷ್ಟೇ. ನೇತುಹಾಕಿದರೆ ಸುತ್ತ ಗಾಳಿ ಆಡುತ್ತದೆ, ಒಲೆಯ ಹೊಗೆಯೂ ತಾಗುತ್ತದೆ. ಫ್ಲ್ಯಾಟಿನವರು ಕುಂಬಳ, ಸೌತೆಯನ್ನು ಹಲಗೆ ಅಥವಾ ಗೋಣಿಯ ಮೇಲೆ, ಒಂದಕ್ಕೊಂದು ತಾಗದ ಹಾಗೆ ಇಟ್ಟರೆ ಸಾಕು. ತೊಟ್ಟು ಮುರಿದ ಕಾಯಿ ಕೊಳ್ಳಬೇಡಿ, ಕೊಳೆ ಮೊದಲು ಒಳನುಗ್ಗುವುದು ಅಲ್ಲಿಂದ. ಬೂದುಗುಂಬಳದ ಬೂದಿಯನ್ನು ಒರೆಸಬೇಡಿ, ಅದು ಮೇಣದ ಪದರ, ಒಳಗಿನ ನೀರನ್ನು ಹಿಡಿದಿಡುವುದು ಅದೇ.

ಅಡುಗೆಗೆ ಇಳಿಸುವ ಮೊದಲು ಸೌತೆ, ಕುಂಬಳದ ಚೂರನ್ನು ನಾಲಿಗೆಗೆ ತಾಗಿಸಿ ನೋಡುವ ಅಭ್ಯಾಸ ಇದೆಯಲ್ಲ, ಅದನ್ನು ಬಿಡಬೇಡಿ. ಅಪರೂಪಕ್ಕೆ ಈ ಜಾತಿಯ ಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಸೇರಿಕೊಳ್ಳುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ, ಬೆಲ್ಲ ಹಾಕಿ ಮುಚ್ಚಿದರೂ ಹೊಟ್ಟೆಗೆ ಗೊತ್ತಾಗುತ್ತದೆ. ಕಹಿ ಇದ್ದರೆ ಗೊಬ್ಬರದ ಗುಂಡಿಗೆ.

ಕಾಡಿನ ಗೆಡ್ಡೆಗಳ ಬಗ್ಗೆ ಒಂದೇ ಮಾತು. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಜನ ಬೆಳೆಯುವ, ಅಗೆಯುವ ಗೆಡ್ಡೆಗಳ ಬಗೆ ನೋಡಿದರೆ ಬೆರಗಾಗುತ್ತದೆ. ಜನವರಿಯ ಹೊತ್ತಿಗೆ ಅಲ್ಲಿ ಗೆಡ್ಡೆ ಗೆಣಸು ಮೇಳವೇ ನಡೆಯುತ್ತದೆ. ಅಲ್ಲಿ ಕೊಂಡು, ಬೇಯಿಸುವ ಕ್ರಮವನ್ನೂ ಅವರಿಂದಲೇ ಕೇಳಿಕೊಂಡು ಬನ್ನಿ. ಸುಮ್ನೆ ಕಾಡಿಗೆ ಹೋಗಿ ಸಿಕ್ಕ ಗೆಡ್ಡೆ ಅಗೆದು ತರಬೇಡಿ. ಕೆಲವು ಕಾಡು ಗೆಡ್ಡೆಗಳಲ್ಲಿ ವಿಷವಿದೆ. ಹರಿಯುವ ನೀರಲ್ಲಿ ದಿನಗಟ್ಟಲೆ ಇಟ್ಟು ಅದನ್ನು ತೆಗೆಯುವ ವಿದ್ಯೆ ಅವುಗಳ ಜೊತೆ ಬದುಕಿದವರಿಗೆ ಮಾತ್ರ ಗೊತ್ತು.

ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರಿಗೆ ಅಕ್ಟೋಬರ್ ಅಂದರೆ ಅಂಗಡಿ ಮುಂದೆ ಕಿತ್ತಳೆ ಬಣ್ಣದ ಕುಂಬಳದ ರಾಶಿ. ಹ್ಯಾಲೋವೀನ್‌ಗೆ ಮುಖ ಕೆತ್ತುವ ಆ ದೊಡ್ಡ ಕಾಯಿ ಸಾಂಬಾರಿಗೆ ಸಪ್ಪೆ, ನಾರು, ಬರೀ ನೀರು. ಅದನ್ನು ಬಾಗಿಲಲ್ಲಿಟ್ಟುಕೊಳ್ಳಿ. ಅಡುಗೆಗೆ ಬಟರ್‌ನಟ್ ಸ್ಕ್ವಾಶ್ ತನ್ನಿ. ನೋಡಲು ಸೋರೆಕಾಯಿ ಥರ ಇದ್ದರೂ ಅದು ಮತ್ತು ನಮ್ಮ ಸಿಹಿಗುಂಬಳ ಒಂದೇ ಜಾತಿಯ ಗಿಡದವು. ಗಾರಿಗೆಗೆ ಅದು ನಮ್ಮೂರಿನ ಕಾಯಿಗಿಂತಲೂ ಒಂದು ಕೈ ಮೇಲೆ ಅನ್ನುವುದು ನನ್ನ ಅಭಿಪ್ರಾಯ, ನೀರು ಕಡಿಮೆ, ತಿರುಳು ನುಣುಪು. ತುರಿಯುವುದು ಕಷ್ಟ ಅನ್ನಿಸಿದರೆ ಉದ್ದಕ್ಕೆ ಸೀಳಿ ಓವನ್ನಿನಲ್ಲಿ ಬೇಯಿಸಿ, ಚಮಚದಲ್ಲಿ ತಿರುಳು ತೋಡಿ, ಅದಕ್ಕೇ ಬೆಲ್ಲ ಸೇರಿಸಿ.